ಆ್ಯಪ್ ರೆಡಿ ಇದೆ, ಎಲ್ಲಿ ಇಡೋಣ? ನಮ್ಮ ಕಡೆಯ ಡೆವಲಪರ್‌ಗಳಿಗೆ ಕ್ಲೌಡ್ ಹೋಲಿಕೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಜಾಬ್ ಕಾರ್ಡ್ ಸಾಫ್ಟ್‌ವೇರ್ ಮಾಡಿಕೊಡುವ ಇಬ್ಬರ ತಂಡ. ಇಳಕಲ್ ಸೀರೆ ಅಂಗಡಿಗೆ ವೆಬ್‌ಸೈಟ್ ಕಟ್ಟುತ್ತಿರುವ ಹುಡುಗಿ. ವಿಟಿಯು ಕೊನೆ ವರ್ಷದ ಪ್ರಾಜೆಕ್ಟ್ ಹಿಡಿದು ಕೂತ ವಿದ್ಯಾರ್ಥಿಗಳು. ಕೆಲಸ ಬೇರೆ ಬೇರೆ, ಆದರೆ ಎಲ್ಲರೂ ಕೊನೆಗೆ ಕೇಳುವುದು ಒಂದೇ: "ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಓಡ್ತಾ ಇದೆ. ಈಗ ಎಲ್ಲಿ ಹಾಕೋದು? ಎಡಬ್ಲ್ಯುಎಸ್ ಬೇಕೇ ಬೇಕಾ? ಡಿಜಿಟಲ್‌ಓಷನ್ ಸಾಕಾ? ರೆಂಡರ್ ಫ್ರೀ ಅಂತಾರಲ್ಲ, ಅದು ನಡೆಯುತ್ತಾ?"

ಇವೆಲ್ಲ ಕ್ಲೌಡ್ ಸೇವೆಗಳು, ಅಂದರೆ ಆ್ಯಪ್ ಓಡಿಸಲು ಇಂಟರ್‌ನೆಟ್ ಮೇಲೆ ಸರ್ವರ್ ಬಾಡಿಗೆಗೆ ಕೊಡುವವು (ಎಡಬ್ಲ್ಯುಎಸ್ ಅಮೆಜಾನ್‌ನದು). ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪನಿಯ ಹೆಸರು ನೋಡಿ ಆರಿಸಬೇಡಿ, ತಿಂಗಳ ಕನಿಷ್ಠ ಬೆಲೆ ನೋಡಿಯೂ ಆರಿಸಬೇಡಿ. ಆ ಸರ್ವರ್ ಕೈಕೊಟ್ಟಾಗ ಯಾರು ಕೂತು ಸರಿ ಮಾಡುತ್ತಾರೆ ಅನ್ನೋದನ್ನ ಮೊದಲು ನಿರ್ಧರಿಸಿ. ಅದು ಗೊತ್ತಾದರೆ ಅರ್ಧ ಪಟ್ಟಿ ತಾನಾಗಿಯೇ ಹೊರಗೆ ಹೋಗುತ್ತದೆ. ದೊಡ್ಡ ಊರಿನ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳಲೆಂದೇ ಜನ ಇರುತ್ತಾರೆ. ನಮ್ಮಲ್ಲಿ ಕೋಡ್ ಬರೆಯುವವರೇ ಗಿರಾಕಿಯ ಫೋನನ್ನೂ ಎತ್ತಬೇಕು, ಬಿಲ್ಲನ್ನೂ ಕಟ್ಟಬೇಕು.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯದು ನಾನಾಗಲೇ ಹೇಳಿದ ನಿರ್ವಹಣೆ. ಸರ್ವರ್ ತಗೊಂಡ ದಿನ ಎಲ್ಲವೂ ಚೆನ್ನಾಗೇ ಇರುತ್ತದೆ. ಆರು ತಿಂಗಳಾದ ಮೇಲೆ ನೋಡಿ. ಆ್ಯಪ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲು ದಿನಾ ಬೆಳೆದು 25 ಜಿಬಿ ಡಿಸ್ಕ್ ತುಂಬಿಸುತ್ತದೆ. ಡಿಸ್ಕ್ ತುಂಬಿತು ಅಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೊಸದೇನನ್ನೂ ಬರೆಯಲು ಆಗುವುದಿಲ್ಲ. ರಾತ್ರಿ ಪಾಳಿಯ ಸೂಪರ್‌ವೈಸರ್ ಎರಕದ ಲೆಕ್ಕ ಹಾಕಿ ಸೇವ್ ಒತ್ತಿದರೆ ಕೆಂಪು ಅಕ್ಷರ ಬರುತ್ತದೆ, ಅವರು ನಿಮಗೆ ಫೋನ್ ಮಾಡುತ್ತಾರೆ. ಆಗ ಸರ್ವರ್ ಒಳಗೆ ಹೋಗಿ, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ಹುಡುಕಿ, ಹಳೆಯ ಲಾಗ್ ಅಳಿಸಿ, ಡೇಟಾಬೇಸ್ ಮತ್ತೆ ಶುರು ಮಾಡಲು ನಿಮಗೆ ಬರುತ್ತದಾ? ಬಂದರೆ ಸಾದಾ ಸರ್ವರ್ ನಿಮಗೆ ಅಗ್ಗ. ಬರದಿದ್ದರೆ ಅದೇ ಸರ್ವರ್ ತುಂಬಾ ದುಬಾರಿ. ಇದರ ಜೊತೆಗೆ ಲಿನಕ್ಸ್ ಅಪ್‌ಡೇಟ್, ಸೈಟ್ ಸುರಕ್ಷಿತವಾಗಿ ತೆರೆಯಲು ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನದ ಉಚಿತ ಸರ್ಟಿಫಿಕೇಟ್ ನವೀಕರಣ, ಫೈರ್‌ವಾಲ್, ಬ್ಯಾಕಪ್ ಕೂಡ ಇವೆ.

ಎರಡನೆಯದು ದೂರ. ಇದರಲ್ಲಿ ಬೆಳಗಾವಿಗೆ ಒಂದು ಅನುಕೂಲ ಇದೆ. 48ನೇ ಹೆದ್ದಾರಿಯಲ್ಲಿ ಇತ್ತ ಬೆಂಗಳೂರು, ಅತ್ತ ಮುಂಬೈ, ಎರಡೂ ಹೆಚ್ಚುಕಡಿಮೆ 500 ಕಿಲೋಮೀಟರ್. ದೇಶದ ಮುಖ್ಯ ಡೇಟಾ ಸೆಂಟರ್‌ಗಳಲ್ಲಿ ಬಹಳಷ್ಟು ಈ ಎರಡು ಊರುಗಳಲ್ಲೇ ಇವೆ. ಫೈಬರ್ ಕೇಬಲ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಆ ಲೆಕ್ಕದಲ್ಲಿ ಮುಂಬೈಗೆ ಹೋಗಿ ಬರಲು ಬೇಕಾದದ್ದು ಬರೀ 4-5 ಮಿಲಿಸೆಕೆಂಡ್. ಸಿಂಗಪುರಕ್ಕೆ ಕನಿಷ್ಠ 36. ಅಮೆರಿಕದ ಪೂರ್ವ ತೀರಕ್ಕೆ ಕನಿಷ್ಠ 130. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಹತ್ತಾರು ರೂಟರ್‌ಗಳಿವೆ, ಹಾಗಾಗಿ ನಿಜದಲ್ಲಿ ಅಮೆರಿಕಕ್ಕೆ 200 ದಾಟುವುದು ಮಾಮೂಲು.

200 ಮಿಲಿಸೆಕೆಂಡ್ ಯಾವ ಲೆಕ್ಕ ಅಂತ ಅನಿಸಬಹುದು. ಆದರೆ ಹೊಸ ಸುರಕ್ಷಿತ ಕನೆಕ್ಷನ್ ಒಂದಕ್ಕೆ ಕನಿಷ್ಠ ಮೂರು ಸಲ ಹೋಗಿ ಬರಬೇಕು: ಕನೆಕ್ಷನ್ ತೆರೆಯಲು, ಎನ್‌ಕ್ರಿಪ್ಷನ್ ಒಪ್ಪಂದಕ್ಕೆ, ಆಮೇಲೆ ಪುಟ ಕೇಳಲು. ಮೊದಲ ಅಕ್ಷರ ಬರುವ ಮುಂಚೆಯೇ 600 ಮಿಲಿಸೆಕೆಂಡ್ ಹೋಯಿತು. ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು ನಿಂತಿದೆ, ಸಿಗ್ನಲ್ ಎರಡು ಕಡ್ಡಿ ಇದೆ, ತೂಕದ ಚೀಟಿ ಫೋನಿನಲ್ಲಿ ತೆರೆಯಬೇಕು ಅಂದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಆ್ಯಪ್ ಒಂದು ಊರಿನಲ್ಲಿ, ಡೇಟಾಬೇಸ್ ಇನ್ನೊಂದು ಊರಿನಲ್ಲಿ ಇಡುವುದು. ಒಂದು ಪುಟ ತೋರಿಸಲು ಒಂದರ ಹಿಂದೆ ಒಂದು 20 ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹೋಗುತ್ತವೆ ಅಂದುಕೊಳ್ಳಿ. ನಡುವೆ 60 ಮಿಲಿಸೆಕೆಂಡ್ ದೂರ ಇದ್ದರೆ ಅಲ್ಲೇ 1.2 ಸೆಕೆಂಡ್ ಕಳೆಯಿತು. ಫ್ರೀ ಡೇಟಾಬೇಸ್ ಒಂದು ಕಡೆ ಸಿಕ್ಕಿತು, ಫ್ರೀ ಆ್ಯಪ್ ಜಾಗ ಇನ್ನೊಂದು ಕಡೆ ಸಿಕ್ಕಿತು ಅಂತ ಜೋಡಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

ಮೂರನೆಯದು ಬಿಲ್ಲಿನ ಸ್ವಭಾವ. ಎಷ್ಟು ಬರುತ್ತದೆ ಅನ್ನುವುದಕ್ಕಿಂತ, ಕೆಟ್ಟ ತಿಂಗಳಲ್ಲಿ ಎಷ್ಟಕ್ಕೆ ಹೋಗಬಹುದು ಅನ್ನುವುದು ಮುಖ್ಯ. ಕೆಲವು ಕಡೆ ತಿಂಗಳಿಗೆ ಇಷ್ಟು ಅಂತ ನಿಗದಿ ಇರುತ್ತದೆ. ಕೆಲವು ಕಡೆ ಕರೆಂಟ್ ಮೀಟರ್ ಥರ ಓಡಿದಷ್ಟೂ ಬಿಲ್. ಮೀಟರ್ ಮಾದರಿಯಲ್ಲಿ ಬಜೆಟ್ ಅಲರ್ಟ್ ಹಾಕಿದರೂ ಸುಮ್ನೆ ಮೇಲ್ ಬರುತ್ತದೆ, ಮೀಟರ್ ತಾನಾಗಿ ನಿಲ್ಲುವುದಿಲ್ಲ. ಎಡಬ್ಲ್ಯುಎಸ್‌ನಲ್ಲೂ ಹೀಗೇ, ಗೂಗಲ್ ಕ್ಲೌಡ್‌ನಲ್ಲೂ ಹೀಗೇ.

ನಾಲ್ಕನೆಯದು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವುದು: ಹಂಗಾಮು. ಕಬ್ಬು ನುರಿಸುವುದು ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ವಿಜಯಪುರದ ಒಣದ್ರಾಕ್ಷಿ ಬೇಸಿಗೆಯ ಹೊತ್ತಿಗೆ ಕೋಲ್ಡ್ ಸ್ಟೋರೇಜ್ ಸೇರುತ್ತದೆ. ಸೀರೆ ವ್ಯಾಪಾರ ಹಬ್ಬ ಮತ್ತು ಮದುವೆ ಕಾಲದಲ್ಲಿ ಏರುತ್ತದೆ. ವರ್ಷಕ್ಕೆ ನಾಲ್ಕೈದು ತಿಂಗಳು ಬಿರುಸಾಗಿ, ಉಳಿದ ದಿನ ಖಾಲಿ ಇರುವ ಆ್ಯಪ್‌ಗೆ ವರ್ಷಪೂರ್ತಿ ಒಂದೇ ಬಾಡಿಗೆ ಕೊಡಬೇಕಾ ಅನ್ನುವುದು ಸರಿಯಾದ ಪ್ರಶ್ನೆ.

ಐದನೆಯದು ಬಿಟ್ಟು ಹೋಗುವ ದಾರಿ. ನಾಳೆ ಬೆಲೆ ಏರಿದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಲು ಎಷ್ಟು ದಿನ ಬೇಕು? ಡಾಕರ್‌ನಲ್ಲಿ (ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಕಂಟೇನರ್ ಎಂಬ ಒಂದೇ ಪೊಟ್ಟಣ ಮಾಡುವ ಸಾಧನ) ಕಟ್ಟಿದ ಆ್ಯಪ್ ಮತ್ತು ಸಾದಾ ಪೋಸ್ಟ್‌ಗ್ರೆಸ್ ಆದರೆ ಒಂದು ವಾರಾಂತ್ಯ ಸಾಕು. ಒಂದೇ ಕಂಪನಿಯ ಸ್ವಂತ ಡೇಟಾಬೇಸ್ ಮೇಲೆ ಕಟ್ಟಿದ್ದರೆ ಕೋಡ್ ಬಹುಪಾಲು ಹೊಸದಾಗಿ ಬರೆಯಬೇಕು.

ಸಾದಾ ಸರ್ವರ್: ಡಿಜಿಟಲ್‌ಓಷನ್, ಲಿನೋಡ್, ವಲ್ಟರ್, ಲೈಟ್‌ಸೈಲ್

ಇಲ್ಲಿ ನಿಮಗೆ ಖಾಲಿ ಲಿನಕ್ಸ್ ಯಂತ್ರ ಸಿಗುತ್ತದೆ, ಉಳಿದದ್ದೆಲ್ಲ ನಿಮ್ಮ ಕೈಯಲ್ಲಿ. ಡಿಜಿಟಲ್‌ಓಷನ್‌ಗೆ 2016ರಿಂದ ಬೆಂಗಳೂರಿನಲ್ಲಿ ಜಾಗ ಇದೆ. ಈಗ ಅಕಮೈ ಕಂಪನಿಯ ಕೈಯಲ್ಲಿರುವ ಲಿನೋಡ್ ಮುಂಬೈ ಮತ್ತು ಚೆನ್ನೈನಲ್ಲಿ ಇದೆ. ವಲ್ಟರ್ ಮುಂಬೈ, ದೆಹಲಿ, ಬೆಂಗಳೂರು ಮೂರೂ ಕಡೆ ಇದೆ. ಎಡಬ್ಲ್ಯುಎಸ್‌ನದೇ ಲೈಟ್‌ಸೈಲ್ ಮುಂಬೈನಲ್ಲಿ ಸಿಗುತ್ತದೆ.

ಬೆಲೆ ಹತ್ತಿರ ಹತ್ತಿರವೇ ಇದೆ. 1 ಜಿಬಿ ಮೆಮೊರಿಯ ಯಂತ್ರ ಡಿಜಿಟಲ್‌ಓಷನ್‌ನಲ್ಲಿ ತಿಂಗಳಿಗೆ 6 ಡಾಲರ್, ಲಿನೋಡ್‌ನಲ್ಲಿ 5. ಡಾಲರಿಗೆ 90 ರೂಪಾಯಿ ಹಿಡಿದರೆ 6 ಡಾಲರ್ ಅಂದರೆ 540, ಅದರ ಮೇಲೆ 18% ಜಿಎಸ್‌ಟಿ ಸೇರಿ ಸುಮಾರು 637. ಕಾರ್ಡಿನಲ್ಲಿ ಡಾಲರ್ ಕಟ್ಟುವುದರಿಂದ ಬ್ಯಾಂಕಿನ ವಿನಿಮಯ ಶುಲ್ಕವೂ ಸೇರುತ್ತದೆ. ಗಿರಾಕಿಗೆ ಕೊಟೇಶನ್ ಕೊಡುವಾಗ ಬರೀ 540 ಬರೆದರೆ ವರ್ಷದ ಕೊನೆಗೆ ನಿಮ್ಮ ಕಿಸೆಗೇ ಕತ್ತರಿ.

ಇವುಗಳ ದೊಡ್ಡ ಗುಣ ಅಂದರೆ ಬಿಲ್ ನಿಗದಿ. 1 ಜಿಬಿ ಯಂತ್ರದ ಜೊತೆ ಡಿಜಿಟಲ್‌ಓಷನ್ ಮತ್ತು ಲಿನೋಡ್ ಎರಡೂ ತಿಂಗಳಿಗೆ 1 ಟಿಬಿ ಡೇಟಾ ಹೊರಹೋಗಲು ಬಿಡುತ್ತವೆ. ಸಣ್ಣ ಆ್ಯಪ್‌ಗೆ ಅದು ಮುಗಿಯುವ ಮಾತೇ ಇಲ್ಲ. ಲೈಟ್‌ಸೈಲ್‌ನಲ್ಲಿ ಮಾತ್ರ ಒಂದು ಸಣ್ಣ ಅಕ್ಷರದ ಷರತ್ತು ಇದೆ: ಮುಂಬೈ ಆರಿಸಿದರೆ ಪಟ್ಟಿಯಲ್ಲಿ ತೋರಿಸಿದ ಡೇಟಾದ ಅರ್ಧ ಮಾತ್ರ ಸಿಗುತ್ತದೆ.

ಹಂಗಾಮಿನ ಕೆಲಸಕ್ಕೆ ಒಂದು ತೊಡಕಿದೆ. ಡಿಜಿಟಲ್‌ಓಷನ್, ಲಿನೋಡ್‌ಗಳಲ್ಲಿ ಸರ್ವರ್ ಆಫ್ ಮಾಡಿದರೂ ಬಾಡಿಗೆ ಓಡುತ್ತಲೇ ಇರುತ್ತದೆ. ನಿಲ್ಲಬೇಕು ಅಂದರೆ ಸರ್ವರ್ ಅಳಿಸಿಯೇ ಬಿಡಬೇಕು. ಡಿಜಿಟಲ್‌ಓಷನ್‌ನಲ್ಲಿ ಅಳಿಸುವ ಮುಂಚೆ ಸ್ನ್ಯಾಪ್‌ಶಾಟ್ (ಇಡೀ ಸರ್ವರ್‌ನ ಪ್ರತಿ) ತೆಗೆದಿಡಬಹುದು, ಅದಕ್ಕೆ ಜಿಬಿಗೆ ತಿಂಗಳಿಗೆ 6 ಸೆಂಟ್. ಏಪ್ರಿಲಿನಲ್ಲಿ ಸ್ನ್ಯಾಪ್‌ಶಾಟ್ ತೆಗೆದು ಅಳಿಸಿ, ಅಕ್ಟೋಬರಿನಲ್ಲಿ ಅದರಿಂದಲೇ ಮತ್ತೆ ಎಬ್ಬಿಸಬಹುದು. ಹೊಸ ಸರ್ವರ್‌ಗೆ ಹೊಸ ಐಪಿ ವಿಳಾಸ ಬರುತ್ತದೆ, ಡೊಮೇನ್ ಸೆಟ್ಟಿಂಗ್ ಬದಲಿಸಬೇಕು, ಅಷ್ಟೇ.

ಬ್ಯಾಕಪ್ ತಾನಾಗಿ ಬರುವುದಿಲ್ಲ. ಡಿಜಿಟಲ್‌ಓಷನ್‌ನಲ್ಲಿ ವಾರಕ್ಕೊಮ್ಮೆ ಬ್ಯಾಕಪ್‌ಗೆ ಸರ್ವರ್ ಬೆಲೆಯ 20% ಜಾಸ್ತಿ. ದಯವಿಟ್ಟು ಅದನ್ನು ಉಳಿಸಲು ಹೋಗಬೇಡಿ. ಜೊತೆಗೆ ಡೇಟಾಬೇಸಿನ ಒಂದು ಪ್ರತಿ ಬೇರೆ ಕಂಪನಿಯ ಜಾಗಕ್ಕೂ ದಿನಾ ಹೋಗುವ ಹಾಗೆ ಮಾಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡವೇ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅಲ್ಲೇ ಇಟ್ಟವರಿಗೆ ಏನೂ ಉಳಿಯಲಿಲ್ಲ.

ಕೋಡ್ ತಳ್ಳಿದರೆ ಸಾಕು ಅನ್ನುವವು: ರೆಂಡರ್, ರೈಲ್ವೇ, ಹೆರೋಕು, ಫ್ಲೈ

ಗಿಟ್‌ಹಬ್‌ಗೆ ಕೋಡ್ ತಳ್ಳಿದರೆ ಇವು ತಾವೇ ಕಟ್ಟಿ, ಸರ್ಟಿಫಿಕೇಟ್ ಹಾಕಿ, ಓಡಿಸುತ್ತವೆ. ಸರ್ವರ್ ನೋಡಿಕೊಳ್ಳಲು ಬಾರದ ತಂಡಕ್ಕೆ ನಿಜಕ್ಕೂ ನೆಮ್ಮದಿ. ನಮ್ಮ ಕಡೆಯವರಿಗೆ ಇವುಗಳ ದೊಡ್ಡ ಕೊರತೆ ದೂರ. ರೆಂಡರ್ ಮತ್ತು ರೈಲ್ವೇ ಎರಡಕ್ಕೂ ನಮಗೆ ಹತ್ತಿರದ ಜಾಗ ಸಿಂಗಪುರ. ಹೆರೋಕುವಿನ ಸಾಮಾನ್ಯ ಪ್ಲಾನ್‌ನಲ್ಲಿ ಅಮೆರಿಕ ಅಥವಾ ಯೂರೋಪ್ ಮಾತ್ರ. ಫ್ಲೈಗೆ ಮುಂಬೈ ಇದೆ, ಆದರೆ ಕಮಾಂಡ್ ಲೈನ್ ಅಭ್ಯಾಸ ಬೇಕು. ಡಿಜಿಟಲ್‌ಓಷನ್‌ನ ಆ್ಯಪ್ ಪ್ಲಾಟ್‌ಫಾರ್ಮ್ ಕೂಡ ಇದೇ ಜಾತಿಯದು, ಅದು ಬೆಂಗಳೂರಿನಲ್ಲೇ ಓಡುತ್ತದೆ, ತಿಂಗಳಿಗೆ 5 ಡಾಲರಿನಿಂದ ಶುರು. ಈ ಗುಂಪಿನಲ್ಲಿ ಒಂದನ್ನೇ ಹೇಳಿ ಅಂದರೆ ನಾನು ಅದನ್ನೇ ಹೇಳುತ್ತೇನೆ.

ಫ್ರೀ ಪ್ಲಾನ್ ಬಗ್ಗೆ ಬಿಡಿಸಿ ಹೇಳಬೇಕು. ರೆಂಡರ್‌ನ ಫ್ರೀ ಆ್ಯಪ್ 15 ನಿಮಿಷ ಯಾರೂ ಬರದಿದ್ದರೆ ಮಲಗುತ್ತದೆ, ಮುಂದಿನವರು ಬಂದಾಗ ಎಬ್ಬಿಸಲು ಒಂದು ನಿಮಿಷದವರೆಗೂ ಹಿಡಿಯಬಹುದು. ಅದರ ಫ್ರೀ ಪೋಸ್ಟ್‌ಗ್ರೆಸ್ ಹುಟ್ಟಿದ 30 ದಿನಕ್ಕೆ ಅವಧಿ ಮುಗಿಸುತ್ತದೆ. ಪ್ರಾಜೆಕ್ಟ್ ವೈವಾ ಎರಡು ತಿಂಗಳ ನಂತರ ಇದೆ ಅಂದರೆ ಈ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೆರೋಕು ಅಂತೂ ತನ್ನ ಫ್ರೀ ಪ್ಲಾನ್ ಅನ್ನು 2022ರ ನವೆಂಬರಿನಲ್ಲೇ ನಿಲ್ಲಿಸಿತು. ಹಳೆಯ ಯೂಟ್ಯೂಬ್ ಪಾಠ ನೋಡಿ ಹೊರಟವರು ಇಲ್ಲೇ ದಾರಿ ತಪ್ಪುತ್ತಾರೆ. ವ್ಯಾಪಾರದ ಆ್ಯಪ್ ಅನ್ನು ಫ್ರೀ ಪ್ಲಾನ್ ಮೇಲೆ ಇಡಬೇಡಿ.

ದೊಡ್ಡ ಮೂವರು

ಎಡಬ್ಲ್ಯುಎಸ್ 2016ರಲ್ಲಿ ಮುಂಬೈಗೆ, 2022ರಲ್ಲಿ ಹೈದರಾಬಾದಿಗೆ ಬಂತು. ಗೂಗಲ್ ಕ್ಲೌಡ್ ಮುಂಬೈ ಮತ್ತು ದೆಹಲಿಯಲ್ಲಿದೆ. ಮೈಕ್ರೋಸಾಫ್ಟ್‌ನ ಅಜೂರ್ ಪುಣೆ, ಚೆನ್ನೈ, ಮುಂಬೈಗಳಲ್ಲಿ 2015ರಿಂದ ಇದೆ. ದೂರದ ವಿಷಯದಲ್ಲಿ ಮೂರೂ ನಮಗೆ ಚೆನ್ನಾಗಿವೆ. ಬಿಲ್ ರೂಪಾಯಿಯಲ್ಲಿ ಬರುತ್ತದೆ, ನಿಮ್ಮ ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು, ಅಂದರೆ ಇಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯಬಹುದು. ಜಿಎಸ್‌ಟಿ ಕಟ್ಟುವ ಫೌಂಡ್ರಿ ಮಾಲೀಕರಿಗೆ ಇದು ಸಣ್ಣ ಮಾತಲ್ಲ. ಅವರ ಲೆಕ್ಕಪತ್ರದವರು ಮೊದಲು ಕೇಳುವುದೇ ಇದನ್ನು.

ಹಾಗಾದರೆ ಸುಮ್ನೆ ಇವನ್ನೇ ತಗೊಳ್ಳಬಾರದೇಕೆ? ಬಿಲ್ಲಿನ ಒಳಗೆ ಬಿಲ್ ಇರುತ್ತದೆ, ಅದಕ್ಕೆ. ಎಡಬ್ಲ್ಯುಎಸ್ ಮುಂಬೈನ ಒಂದು ಸಣ್ಣ ಸೆಟಪ್ ಬಿಡಿಸಿ ನೋಡೋಣ. ಸರ್ವರ್ ಬಾಡಿಗೆ ಒಂದು ಸಾಲು. ಡಿಸ್ಕ್ ಇನ್ನೊಂದು ಸಾಲು, ಸರ್ವರ್ ನಿಲ್ಲಿಸಿದರೂ ಡಿಸ್ಕ್ ಬಾಡಿಗೆ ನಿಲ್ಲುವುದಿಲ್ಲ. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್, ಅಂದರೆ ತಿಂಗಳಿಗೆ ಸುಮಾರು 3.60 ಡಾಲರ್. ಹೊರಹೋಗುವ ಡೇಟಾ ಮೊದಲ 100 ಜಿಬಿ ಉಚಿತ, ಆಮೇಲೆ ಜಿಬಿಗೆ ಸುಮಾರು 11 ಸೆಂಟ್. ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಬೆಚ್ಚಿಬೀಳಿಸುವುದು ನ್ಯಾಟ್ ಗೇಟ್‌ವೇ. ಯಾವುದೋ ಟ್ಯುಟೋರಿಯಲ್ ನೋಡಿ ಪ್ರೈವೇಟ್ ಸಬ್‌ನೆಟ್ (ಹೊರಗಿನಿಂದ ನೇರ ಸಿಗದ ಒಳ ಜಾಲ) ಮಾಡಿದರೆ, ಅಲ್ಲಿಂದ ಇಂಟರ್‌ನೆಟ್‌ಗೆ ಹೋಗುವ ಬಾಗಿಲಾಗಿ ಅದು ಬಂದು ಕೂರುತ್ತದೆ, ಒಂದು ಬೈಟ್ ಹರಿಯದಿದ್ದರೂ ಮುಂಬೈನಲ್ಲಿ ತಿಂಗಳಿಗೆ 40 ಡಾಲರ್ ಆಸುಪಾಸು ತಿನ್ನುತ್ತದೆ. 6 ಡಾಲರಿನ ಸರ್ವರ್‌ಗೆ ಆಗುವ ಕೆಲಸಕ್ಕೆ ಇದು ಯಾಕೆ ಬೇಕು, ಹೇಳಿ.

ಆದರೆ ಇವರಲ್ಲಿ ಒಂದು ಜಾತಿಯ ಸೇವೆ ನಮ್ಮ ಹಂಗಾಮಿನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೇಳಿದವರು ಇದ್ದಾಗ ಮಾತ್ರ ಓಡುವುದು, ಇಲ್ಲದಾಗ ಸೊನ್ನೆಗೆ ಇಳಿಯುವುದು. ಎಡಬ್ಲ್ಯುಎಸ್‌ನ ಲ್ಯಾಂಬ್ಡಾ ತಿಂಗಳಿಗೆ 10 ಲಕ್ಷ ರಿಕ್ವೆಸ್ಟ್‌ವರೆಗೆ ಆ ಲೆಕ್ಕದಲ್ಲಿ ಉಚಿತ, ಗೂಗಲ್‌ನ ಕ್ಲೌಡ್ ರನ್‌ನಲ್ಲಿ 20 ಲಕ್ಷ. ಓಡಿದ ಸಮಯ ಮತ್ತು ಮೆಮೊರಿಗೆ ಬೇರೆ ಉಚಿತ ಮಿತಿ ಇದೆ. ನನಗೆ ಕ್ಲೌಡ್ ರನ್ ಹೆಚ್ಚು ಇಷ್ಟ, ಯಾಕೆಂದರೆ ಅದು ಸಾದಾ ಡಾಕರ್ ಕಂಟೇನರ್ ತಗೊಳ್ಳುತ್ತದೆ. ನಾಳೆ ಬೇಡ ಅಂದರೆ ಅದೇ ಕಂಟೇನರ್ ಎತ್ತಿಕೊಂಡು ಡಿಜಿಟಲ್‌ಓಷನ್‌ಗೆ ಹೋಗಬಹುದು. ಗರಿಷ್ಠ ಇನ್‌ಸ್ಟೆನ್ಸ್ (ಒಂದೇ ಹೊತ್ತಿಗೆ ಓಡುವ ಆ್ಯಪ್‌ನ ಪ್ರತಿಗಳು) ಎಷ್ಟು ಅಂತ ಮಿತಿ ಹಾಕುವ ಸೌಲಭ್ಯವೂ ಇದೆ. 3 ಅಂತ ಹಾಕಿಬಿಟ್ಟರೆ ಯಾರಾದರೂ ಬಾಟ್ ಬಿಟ್ಟು ಹೊಡೆದರೂ ಬಿಲ್ ಕೈಮೀರುವುದಿಲ್ಲ, ಆ್ಯಪ್ ನಿಧಾನ ಆಗುತ್ತದೆ ಅಷ್ಟೇ.

ಇಲ್ಲೂ ಡೇಟಾಬೇಸ್ ವಿಷಯ ಮರೆಯುವಂತಿಲ್ಲ. ಕ್ಲೌಡ್ ರನ್ ಸೊನ್ನೆಗೆ ಇಳಿಯುತ್ತದೆ, ಅದರ ಪಕ್ಕದ ಡೇಟಾಬೇಸ್ ಸೇವೆ ಕ್ಲೌಡ್ ಎಸ್‌ಕ್ಯೂಎಲ್ ಇಳಿಯುವುದಿಲ್ಲ, ಹಗಲು ರಾತ್ರಿ ಮೀಟರ್ ಓಡುತ್ತದೆ. ಉಳಿತಾಯ ಆಗಬೇಕಾದರೆ ಗೂಗಲ್‌ನದೇ ಫೈರ್‌ಸ್ಟೋರ್ ಥರದ ಬಳಸಿದಷ್ಟೇ ದುಡ್ಡಿನ ಡೇಟಾಬೇಸ್ ಬೇಕು. ಅದಕ್ಕೆ ಕಟ್ಟಿಕೊಂಡರೆ ನಾನು ಮೇಲೆ ಹೇಳಿದ ಬಿಟ್ಟು ಹೋಗುವ ದಾರಿ ಕಿರಿದಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ನಿಮಗೆ ಯಾವುದು ಮುಖ್ಯ ಅಂತ ನೀವೇ ನೋಡಬೇಕು.

ದೊಡ್ಡವರು ಬೀಳುವುದೇ ಇಲ್ಲ ಅನ್ನುವ ನಂಬಿಕೆಯೂ ಬೇಡ. 2025ರ ಜೂನ್ 12ರಂದು ಗೂಗಲ್ ಕ್ಲೌಡ್, ಅದೇ ವರ್ಷ ಅಕ್ಟೋಬರ್ 20ರಂದು ಎಡಬ್ಲ್ಯುಎಸ್‌ನ ವರ್ಜೀನಿಯಾ ರೀಜನ್ ಗಂಟೆಗಟ್ಟಲೆ ತೊಂದರೆ ಕಂಡವು.

ಫ್ರೀ ಕ್ರೆಡಿಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೂಗಲ್ 90 ದಿನಕ್ಕೆ 300 ಡಾಲರ್ ಕೊಡುತ್ತದೆ. ಅಜೂರ್ 30 ದಿನಕ್ಕೆ 200. ಎಡಬ್ಲ್ಯುಎಸ್ 2025ರ ಜುಲೈ 15ರಿಂದ ನಿಯಮ ಬದಲಿಸಿದೆ. ಹೊಸ ಖಾತೆಗೆ ಹಳೆಯ 12 ತಿಂಗಳ ಉಚಿತ ಸರ್ವರ್ ಇಲ್ಲ, 200 ಡಾಲರ್‌ವರೆಗಿನ ಕ್ರೆಡಿಟ್ ಮತ್ತು ಆರು ತಿಂಗಳ ಉಚಿತ ಪ್ಲಾನ್ ಇದೆ. ವಿದ್ಯಾರ್ಥಿಗಳಿಗೆ ಅಜೂರ್ ಕ್ರೆಡಿಟ್ ಕಾರ್ಡ್ ಕೇಳದೆ 100 ಡಾಲರ್ ಕೊಡುತ್ತದೆ, ಕಾಲೇಜಿನ ಇಮೇಲ್ ಇದ್ದರೆ ಸಾಕು.

ಮುಂಭಾಗಕ್ಕೆ ಮಾತ್ರ: ವರ್ಸೆಲ್, ಕ್ಲೌಡ್‌ಫ್ಲೇರ್

ಮುಂಭಾಗ ಅಂದರೆ ಬಳಸುವವರ ಕಣ್ಣಿಗೆ ಕಾಣುವ ಪುಟಗಳು, ಹಿಂಭಾಗ ಅಂದರೆ ಒಳಗಿನ ಸರ್ವರ್ ಕೋಡ್ ಮತ್ತು ಡೇಟಾಬೇಸ್. ವರ್ಸೆಲ್ ಬಳಸಲು ಬಹಳ ಸಲೀಸು, ಮುಂಬೈನಲ್ಲೂ ಓಡುತ್ತದೆ. ಆದರೆ ಅದರ ಉಚಿತ ಹಾಬಿ ಪ್ಲಾನ್ ವೈಯಕ್ತಿಕ ಬಳಕೆಗೆ ಮಾತ್ರ. ಅಂಗಡಿಯ ಸೈಟ್ ಅದರ ಮೇಲೆ ಹಾಕುವುದು ನಿಯಮಕ್ಕೆ ವಿರುದ್ಧ. ಪ್ರೊ ಪ್ಲಾನ್ ಒಬ್ಬರಿಗೆ ತಿಂಗಳಿಗೆ 20 ಡಾಲರ್. ಕ್ಲೌಡ್‌ಫ್ಲೇರ್‌ನಲ್ಲಿ ಸ್ಥಿರ ಪುಟಗಳಿಗೆ ಎಷ್ಟು ಜನ ಬಂದರೂ ದುಡ್ಡಿಲ್ಲ, ಸಣ್ಣ ಸರ್ವರ್ ಕೋಡ್ ಓಡಿಸುವ ವರ್ಕರ್ಸ್‌ಗೆ ದಿನಕ್ಕೆ 1 ಲಕ್ಷ ರಿಕ್ವೆಸ್ಟ್ ಉಚಿತ. ಅದರ ಆರ್2 ಎಂಬ ಫೈಲ್ ಜಾಗದಲ್ಲಿ 10 ಜಿಬಿ ಉಚಿತ, ಹೊರಹೋಗುವ ಡೇಟಾಗೆ ಶುಲ್ಕವೇ ಇಲ್ಲ.

ಹಿಂಭಾಗವೂ ರೆಡಿ ಸಿಗುವವು

ಫೈರ್‌ಬೇಸ್, ಸೂಪಾಬೇಸ್, ಜೊಹೊ ಕಂಪನಿಯ ಕೆಟಲಿಸ್ಟ್. ಲಾಗಿನ್, ಡೇಟಾಬೇಸ್, ಫೈಲ್ ಎಲ್ಲಾ ಸಿದ್ಧವಾಗಿ ಬರುತ್ತವೆ. ಆಂಡ್ರಾಯ್ಡ್ ಆ್ಯಪ್ ಒಂದೇ ಇದ್ದು ಸರ್ವರ್ ಕೋಡ್ ಬರೆಯುವ ಕೈ ಇಲ್ಲದಿದ್ದರೆ ಇವು ಒಳ್ಳೆಯವು. ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನಲ್ಲಿ ದಿನಕ್ಕೆ 50,000 ಓದು, 20,000 ಬರಹ ಉಚಿತ. ಜಾಗ ಮುಂಬೈ ಅಂತ ಮೊದಲ ದಿನವೇ ಆರಿಸಿ, ಒಮ್ಮೆ ಆರಿಸಿದ ಮೇಲೆ ಬದಲಿಸಲು ಆಗುವುದಿಲ್ಲ. ಓದಿದ ಪ್ರತಿ ದಾಖಲೆಗೂ ಲೆಕ್ಕ ಇರುವುದರಿಂದ, 2,000 ಸಾಲಿನ ಪಟ್ಟಿ ಪ್ರತಿ ಸಲ ಪೂರ್ತಿ ತೆರೆಯುವ ಆ್ಯಪ್ 25 ಸಲ ತೆರೆದರೆ ದಿನದ ಮಿತಿ ಮುಗಿಯಿತು. ಸೂಪಾಬೇಸ್ ಒಳಗೆ ಇರುವುದು ಸಾದಾ ಪೋಸ್ಟ್‌ಗ್ರೆಸ್, ಹಾಗಾಗಿ ಬಿಟ್ಟು ಹೋಗುವುದು ಸುಲಭ. ಅದರ ಫ್ರೀ ಪ್ರಾಜೆಕ್ಟ್ ಒಂದು ವಾರ ಬಳಸದಿದ್ದರೆ ನಿಲ್ಲುತ್ತದೆ, ಪ್ರೊ ತಿಂಗಳಿಗೆ 25 ಡಾಲರ್.

ನಿಮ್ಮದು ಯಾವ ಕೆಲಸ?

ವಿದ್ಯಾರ್ಥಿ ಪ್ರಾಜೆಕ್ಟ್ ಆದರೆ ಅಜೂರ್‌ನ ವಿದ್ಯಾರ್ಥಿ ಕ್ರೆಡಿಟ್ ಮೇಲೆ ಒಂದು ಸಾದಾ ಲಿನಕ್ಸ್ ಸರ್ವರ್ ಎಬ್ಬಿಸಿ, ನೀವೇ ಎಲ್ಲಾ ಸೆಟಪ್ ಮಾಡಿ. ರೆಂಡರ್ ಮೇಲೆ ಹತ್ತು ನಿಮಿಷದಲ್ಲಿ ಆಗುವ ಕೆಲಸ ಇಲ್ಲಿ ಎರಡು ದಿನ ಹಿಡಿಯಬಹುದು. ಆದರೆ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್, ಸರ್ಟಿಫಿಕೇಟ್, ಬ್ಯಾಕಪ್ ಒಮ್ಮೆ ಕೈಯಾರೆ ಮಾಡಿದವರಿಗೆ ಮುಂದೆ ಯಾವ ಕ್ಲೌಡ್ ಕೂಡ ಹೊಸದು ಅನಿಸುವುದಿಲ್ಲ. ಕಲಿಯಲು ಸಮಯ ಇರುವುದು ಈಗಲೇ.

ಫೌಂಡ್ರಿಯ ಜಾಬ್ ಕಾರ್ಡ್ ವರ್ಷಪೂರ್ತಿ, ಪಾಳಿ ಪಾಳಿಗೂ ಓಡುವ ಕೆಲಸ. ಬಳಸುವವರು 30-40 ಜನ. ಇದಕ್ಕೆ ಬೆಂಗಳೂರಿನ ಡಿಜಿಟಲ್‌ಓಷನ್ ಅಥವಾ ಮುಂಬೈನ ಲಿನೋಡ್‌ನಲ್ಲಿ 2 ಜಿಬಿಯ ಸರ್ವರ್ ಬೇಕಾದಷ್ಟಾಯಿತು. ಸರ್ವರ್ ಸಂಭಾಳಿಸಲು ನಿಮಗೆ ಬಾರದಿದ್ದರೆ ಡಿಜಿಟಲ್‌ಓಷನ್‌ನ ಆ್ಯಪ್ ಪ್ಲಾಟ್‌ಫಾರ್ಮ್ ಮತ್ತು ಮ್ಯಾನೇಜ್ಡ್ (ಕಂಪನಿಯವರೇ ನೋಡಿಕೊಳ್ಳುವ) ಪೋಸ್ಟ್‌ಗ್ರೆಸ್ ಸೇರಿ ತಿಂಗಳಿಗೆ 20 ಡಾಲರಿನ ಮೇಲೆ ಆಗುತ್ತದೆ. ಮಾಲೀಕರಿಗೆ ನೇರವಾಗಿ ಹೇಳಿ: ಈ ಹೆಚ್ಚಿನ ದುಡ್ಡು ರಾತ್ರಿ ಡೇಟಾಬೇಸ್ ಬಿದ್ದರೆ ಎಬ್ಬಿಸುವವರ ಸಂಬಳ. ಅವರು ಫರ್ನೇಸ್ ನಿಂತರೆ ಏನಾಗುತ್ತದೆ ಅಂತ ಗೊತ್ತಿರುವವರು, ಒಪ್ಪುತ್ತಾರೆ. ಫ್ಯಾಕ್ಟರಿ ಒಳಗೇ ಒಂದು ಕಂಪ್ಯೂಟರ್ ಇಟ್ಟು ಓಡಿಸೋಣ ಅನ್ನುವವರೂ ಇದ್ದಾರೆ. ಹೊರಗಿನಿಂದ ಯಾರೂ ನೋಡಬೇಕಿಲ್ಲ, ಯುಪಿಎಸ್ ಗಟ್ಟಿಯಿದೆ ಅಂದರೆ ಅದೂ ಸರಿಯೇ. ಬ್ಯಾಕಪ್ ಮಾತ್ರ ಹೊರಗೆ ಹೋಗಬೇಕು.

ಇಳಕಲ್ ಸೀರೆ ಅಂಗಡಿಯ ತೂಕ ಎಲ್ಲಾ ಫೋಟೋಗಳಲ್ಲಿದೆ. ಸೆರಗಿನ ತೋಪು ತೆನೆ, ಅಂಚಿನ ನೇಯ್ಗೆ ಹತ್ತಿರದಿಂದ ಕಾಣದಿದ್ದರೆ ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಫೋಟೋ ಚಿಕ್ಕದು ಮಾಡಲೂ ಆಗದು. ಪುಟಕ್ಕೆ 10 ಫೋಟೋ, ಒಂದೊಂದು 200 ಕೆಬಿ ಅಂದರೆ ಪುಟಕ್ಕೆ 2 ಎಂಬಿ. ದೀಪಾವಳಿ ತಿಂಗಳಲ್ಲಿ 50,000 ಸಲ ಪುಟ ತೆರೆದರೆ 100 ಜಿಬಿ ಹೋಯಿತು. ಎಡಬ್ಲ್ಯುಎಸ್‌ನ ಉಚಿತ ಮಿತಿ ಅಲ್ಲಿಗೆ ಮುಗಿಯುತ್ತದೆ, ಮುಂದಿನ ಪ್ರತಿ 100 ಜಿಬಿಗೆ ಸುಮಾರು 11 ಡಾಲರ್. ಫೋಟೋಗಳನ್ನು ಕ್ಲೌಡ್‌ಫ್ಲೇರ್ ಆರ್2ನಲ್ಲಿ ಇಟ್ಟು, ಆರ್ಡರ್ ತಗೊಳ್ಳುವ ಭಾಗ ಮಾತ್ರ ಒಂದು ಸಣ್ಣ ಸರ್ವರ್‌ನಲ್ಲಿ ಇಟ್ಟರೆ ಈ ತಲೆನೋವೇ ಇಲ್ಲ. ಕಾರ್ಡ್, ಯುಪಿಐ ಮಾಹಿತಿಯನ್ನು ನಿಮ್ಮ ಸರ್ವರ್‌ನಲ್ಲಿ ಇಡಬೇಡಿ, ಪೇಮೆಂಟ್ ಗೇಟ್‌ವೇ ಇರುವುದೇ ಅದಕ್ಕೆ.

ಕಬ್ಬಿನ ತೂಕದ ಚೀಟಿ, ಕೋಲ್ಡ್ ಸ್ಟೋರೇಜಿನ ದಾಸ್ತಾನು ಇಂಥವಕ್ಕೆ ಮುಂಬೈನ ಕ್ಲೌಡ್ ರನ್ ನೋಡಿ. ಹಂಗಾಮಿನಲ್ಲಿ ಏರುತ್ತದೆ, ಮಳೆಗಾಲದಲ್ಲಿ ಹೆಚ್ಚುಕಡಿಮೆ ಸೊನ್ನೆ. ನಿದ್ದೆಯಿಂದ ಏಳಲು ಒಂದೆರಡು ಸೆಕೆಂಡ್ ಹಿಡಿಯುತ್ತದೆ ಅನ್ನುವ ದೂರು ಬಂದರೆ, ನುರಿಸುವ ತಿಂಗಳುಗಳಲ್ಲಿ ಮಾತ್ರ ಕನಿಷ್ಠ ಇನ್‌ಸ್ಟೆನ್ಸ್ 1 ಅಂತ ಇಡಿ, ಹಂಗಾಮು ಮುಗಿದ ಮೇಲೆ ಮತ್ತೆ 0 ಮಾಡಿ.

ದುಡ್ಡು ಕಟ್ಟುವ ಮುಂಚೆ

ನಿಮ್ಮ ಗಿರಾಕಿ ಬಳಸುವ ಜಾಗದಿಂದ, ಅವರದೇ ಮೊಬೈಲ್ ನೆಟ್‌ವರ್ಕ್‌ನಲ್ಲಿ ವೇಗ ಅಳೆಯಿರಿ. ನಿಮ್ಮ ಮನೆಯ ಫೈಬರ್‌ನಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ಬಹುತೇಕ ಕಂಪನಿಗಳು ಗಂಟೆ ಲೆಕ್ಕದಲ್ಲಿ ಬಾಡಿಗೆ ಹಿಡಿಯುತ್ತವೆ, ಒಂದು ಮಧ್ಯಾಹ್ನಕ್ಕೆ ಬೆಂಗಳೂರು, ಮುಂಬೈ ಎರಡೂ ಕಡೆ ಎಬ್ಬಿಸಿ ನೋಡಿ ಅಳಿಸಿದರೆ ಹತ್ತಿಪ್ಪತ್ತು ರೂಪಾಯಿ ಆದೀತು.

ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಇದೆಯಾ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಪಾವತಿ 15,000 ರೂಪಾಯಿ ದಾಟಿದರೆ ಒಟಿಪಿ ಬೇಕು. ಅಷ್ಟು ದೊಡ್ಡ ಬಿಲ್ ಬರುವ ತಂಡವಾದರೆ ಒಟಿಪಿ ಯಾರ ಫೋನಿಗೆ ಬರುತ್ತದೆ ಅನ್ನುವುದನ್ನೂ ಗೊತ್ತುಮಾಡಿಕೊಳ್ಳಿ.

ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ಹೊಸ ಸರ್ವರ್ ಒಮ್ಮೆ ಎಬ್ಬಿಸಿ ನೋಡಿ.

ಖಾತೆಯನ್ನು ಗಿರಾಕಿಯ ಇಮೇಲ್, ಗಿರಾಕಿಯ ಕಾರ್ಡ್, ಗಿರಾಕಿಯ ಜಿಎಸ್‌ಟಿ ನಂಬರಿನಲ್ಲೇ ತೆರೆಯಿರಿ, ಡೊಮೇನ್ ಕೂಡ ಅವರ ಹೆಸರಿನಲ್ಲೇ ಇರಲಿ. ನೀವು ಅದರೊಳಗೆ ಕೆಲಸದವರಾಗಿ ಬೇರೆ ಲಾಗಿನ್ ಮಾಡಿಕೊಳ್ಳಿ. ಎಲ್ಲವೂ ನಿಮ್ಮ ಹೆಸರಿನಲ್ಲಿದ್ದರೆ ಮೊದಲ ವರ್ಷ ಸುಲಭ ಅನಿಸುತ್ತದೆ. ನೀವು ಪುಣೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಮೇಲೆ ಆ ಅಂಗಡಿಯ ಬಿಲ್ ನಿಮ್ಮ ಕಾರ್ಡಿನಲ್ಲಿ ಹೋಗುತ್ತಲೇ ಇರುತ್ತದೆ, ಅವರ ಹೊಸ ಡೆವಲಪರ್‌ಗೆ ಪಾಸ್‌ವರ್ಡ್ ಸಿಗುವುದಿಲ್ಲ.